ಹಾಲು ಮಲಗಿದ್ದ ಕೋಣೆ

ನಾನು ಶಾಲೆ ಬಿಟ್ಟದ್ದು 1979ರಲ್ಲಿ, ಏಳನೆಯ ಇಯತ್ತೆಯ ನಡುವೆ. ನಮ್ಮೂರು ಸೇಡಂ ಹತ್ತಿರ. ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೆ ಬುತ್ತಿ ಕೊಡಲು ಹೋದವನು ಒಂದು ದಿನ ಅಲ್ಲೇ ಉಳಿ ಸುತ್ತಿಗೆ ಹಿಡಿದು ಕೂತೆ. ಮರುದಿನ ಶಾಲೆಯ ಗಂಟೆ ಗಣಿಯವರೆಗೆ ಕೇಳಿಸಿತು. ಏಳಲಿಲ್ಲ. ನನ್ನನ್ನು ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬ್ಯಾಕ್ಟೀರಿಯಾ, ಕರುಳು, ರೋಗನಿರೋಧಕ ಶಕ್ತಿ ಎಂದೆಲ್ಲ ಬರೆಯುವಾಗ ‘ಇವನಿಗೆ ಯಾರು ಹೇಳಿದರು’ ಎಂದು ನೀವು ಕೇಳಬಹುದು. ಹೇಳುವವರು ಸಿಕ್ಕರು, ನಾನು ಕಿವಿಗೊಟ್ಟೆ. ಕೈ ಕೆಲಸ ಮಾಡುತ್ತಿರುವಾಗ ಕಿವಿ ಖಾಲಿಯೇ ಇರುತ್ತದಲ್ಲ.

ಡೈರಿ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಬಂತು ಎಂಬುದರಿಂದ ನಿಮಗೆ ಏನೂ ಆಗಬೇಕಾಗಿಲ್ಲ. ಮೊಸರಿನ ಕೋಣೆ ಹೇಗಿರುತ್ತಿತ್ತು, ಅದನ್ನು ನಾನು ಹೇಗೆ ಕಳೆದುಕೊಳ್ಳುವುದರಲ್ಲಿದ್ದೆ ಎಂಬುದನ್ನು ಹೇಳುತ್ತೇನೆ.

ಕೆಲವು ವರ್ಷಗಳ ನಂತರ ಹೈದರಾಬಾದಿಗೆ ನಾನು ಬಂದದ್ದು ಕಲ್ಲಿನ ಜೊತೆ. ನಾಚಾರಂನಲ್ಲಿ ಒಂದು ಖಾಸಗಿ ಡೈರಿ ಕಟ್ಟುತ್ತಿದ್ದರು. ಮೊಸರು ವಿಭಾಗದ ನೆಲಕ್ಕೆ ನಮ್ಮ ಕಡೆಯ ಫರಸಿ ಹಾಕಿಸುವುದೆಂದಾಯಿತು. ಲಾರಿಯಲ್ಲಿ ಚಪ್ಪಡಿಗಳ ಮೇಲೆ ಕೂತು ಬಂದೆ. ಎಲ್ಲಿ ನೀರು ಚೆಲ್ಲಿದರೂ ಅದು ತಾನಾಗಿ ಮೋರಿಯ ಕಡೆ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಡಬೇಕಿತ್ತು. ಕೊಟ್ಟೆ. ಮ್ಯಾನೇಜರ್ ರಾವ್ ಸಾಹೇಬರು ಒಂದು ಬಕೆಟ್ ನೀರು ಸುರಿದು, ಅದು ಸದ್ದಿಲ್ಲದೆ ಮೂಲೆಗೆ ಹೋಗುವುದನ್ನು ನೋಡುತ್ತ ನಿಂತರು. ಅವರ ಮಾತು ತೆಲುಗು, ಹಿಂದಿ ಎರಡೂ ಕಲಸಿದ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. “ಅರೇ ಬಾಬೂ, ಇಷ್ಟು ನೇರ ಕೈ ಇಟ್ಟುಕೊಂಡು ಬಿಸಿಲಲ್ಲಿ ಯಾಕೆ ತಿರುಗುತ್ತೀ? ಇಲ್ಲೇ ಇರು” ಎಂದರು. ಇದ್ದೆ.

ಆ ನೆಲದ ಕಥೆಯನ್ನೂ ಹೇಳಿಬಿಡಬೇಕು. ಕೆಲವೇ ವರ್ಷಗಳಲ್ಲಿ ಅದು ಕುಳಿ ಬಿತ್ತು. ಚೆಲ್ಲಿದ ಮೊಸರಿನ ನೀರು ಕಲ್ಲನ್ನು ತಿಂದಿತ್ತು. ಸುಣ್ಣದ ಕಲ್ಲಿಗೆ ಹುಳಿ ಆಗಿಬರುವುದಿಲ್ಲ ಎಂಬುದು ಹಾಕಿಸಿದವರಿಗೂ ಹೊಳೆದಿರಲಿಲ್ಲ, ಹಾಕಿದ ನನಗೂ ಹೊಳೆದಿರಲಿಲ್ಲ. ನಾನು ಉಳಿಯಿಂದ ಬೆವರು ಸುರಿಸಿ ಕಡಿದ ಕಲ್ಲನ್ನು ಕಣ್ಣಿಗೆ ಕಾಣದ, ಹಲ್ಲಿಲ್ಲದ ಯಾವುದೋ ಜೀವ ನಿಧಾನವಾಗಿ ಮೆಲ್ಲುತ್ತಿತ್ತು. ತೊಳೆದ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ಆ ಕುಳಿಗಳು ಅಂಗಾಲಿಗೆ ತಾಕುತ್ತಿದ್ದವು. ಮಳೆ ನಿಂತ ಮೇಲೆ ಮಣ್ಣಿನಲ್ಲಿ ಹನಿಗಳ ಗುರುತು ಉಳಿದಿರುತ್ತದಲ್ಲ, ಹಾಗೆ. ಆ ಜೀವಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಕಾಲಿನಿಂದ. ಆಮೇಲೆ ಆ ಕಲ್ಲು ಕಿತ್ತು ಟೈಲ್ಸ್ ಹಾಕಿದರು. ಒಂದು ಚಪ್ಪಡಿಯನ್ನು ನಾನು ಕೇಳಿ ಮನೆಗೆ ತಂದುಕೊಂಡೆ.

ಮೊದಲು ಕ್ಯಾನ್ ತೊಳೆದೆ, ಆಮೇಲೆ ಕ್ರೇಟ್ ಹೊತ್ತೆ, ಆಮೇಲೆ ಬೆಚ್ಚನೆಯ ಕೋಣೆಗೆ ಬಂದೆ. ಹೆಪ್ಪು ಹಾಕಿದ ಹಾಲು ಮೊಸರಾಗುವವರೆಗೆ ಇಡುವ ಕೋಣೆ ಅದು. ಅಲ್ಲಿನ ಯಜಮಾನ ಖಾದರ್ ಸಾಬರು, ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಮೊದಲ ದಿನ ನಾನು ಬಾಗಿಲನ್ನು ಧಡ್ ಎಂದು ಮುಚ್ಚಿದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

“ಆಹಿಸ್ತಾ ಮಿಯಾ, ಆಹಿಸ್ತಾ. ದೂಧ್ ಸೋ ರಾ.”

ಮೆಲ್ಲಗೆ, ಹಾಲು ಮಲಗಿದೆ. ಹೆಪ್ಪಾಗುವ ಹೊತ್ತಿನಲ್ಲಿ ಹಾಲು ಅಲುಗಿದರೆ ಮೊಸರು ಒಡೆದು ನೀರು ಬಿಡುತ್ತದೆ, ಅದು ಕಾರಣ. ಆದರೆ ಉಸ್ತಾದರು ಹೇಳಿದ ರೀತಿಗೆ ನನಗೆ ಕಾರಣ ಬೇಕಾಗಲೇ ಇಲ್ಲ. ಅಲ್ಲಿ ಚಪ್ಪಲಿ ಹೊರಗೆ, ಜಗಳ ಹೊರಗೆ, ರೇಡಿಯೋ ಹೊರಗೆ. ಗೋಡೆಯಾಚೆ ನಾಚಾರಂನ ಕಾರ್ಖಾನೆಗಳೆಲ್ಲ ಕಬ್ಬಿಣ ಬಡಿಯುತ್ತಿದ್ದವು. ಒಳಗೆ ಸಾಲುಸಾಲು ಡಬ್ಬಿಗಳಲ್ಲಿ ಬಿಳಿಯ ಹಾಲು ಕಣ್ಣು ಮುಚ್ಚಿ ಮತ್ತೊಂದಾಗುತ್ತಿತ್ತು. ಹುಟ್ಟಿದ ಕೂಸಿನ ನೆತ್ತಿಯಂಥ ವಾಸನೆ. ಮಧ್ಯಾಹ್ನ ಅಲ್ಲಿ ನಿಂತರೆ ನನಗೆ ನಾನೂ ಹೆಪ್ಪಾಗುತ್ತಿದ್ದೇನೆ ಅನ್ನಿಸುತ್ತಿತ್ತು. ಎಂಥ ದೊಡ್ಡ ಸಾಹೇಬರ ಕೋಣೆಯೂ ನನಗೆ ಬೇಡ, ಇದೊಂದು ಇರಲಿ ಎಂದುಕೊಂಡಿದ್ದೆ.

ಒಂದು ಸಲ ಇಡೀ ತೊಟ್ಟಿ ಮೊಸರಾಗಲಿಲ್ಲ. ಹಾಲು ಹಾಲಾಗಿಯೇ ಉಳಿಯಿತು. ಶಾಖ ಸರಿ ಇತ್ತು, ಹೆಪ್ಪು ಸರಿ ಇತ್ತು. ಹೆಪ್ಪಿಗೆ ದೃಷ್ಟಿಯಾಗಿದೆ ಎಂದು ಯಾರೋ ನಿಂಬೆಹಣ್ಣು ತಂದರು. ಉಸ್ತಾದರು ಆ ನಿಂಬೆಹಣ್ಣನ್ನು ಕಿಸೆಗೆ ಹಾಕಿಕೊಂಡು, “ಶರಬತ್ತಿಗಾಯಿತು” ಎಂದು, ಹಾಲು ತಂದ ದಾರಿಯಲ್ಲೇ ಹಿಂದಕ್ಕೆ ಹೋದರು. ಕೆಚ್ಚಲು ಬಾತ ಎಮ್ಮೆಗಳಿಗೆ ಯಾರೋ ಇಂಜೆಕ್ಷನ್ ಕೊಡಿಸಿ, ಆ ಹಾಲನ್ನು ಬೇರೆ ಇಡದೆ ಕ್ಯಾನಿಗೆ ಹಾಕಿದ್ದರು. ಆ ಮದ್ದು ಹಾಲಿಗೆ ಇಳಿದು ನಮ್ಮ ಹೆಪ್ಪಿನ ಜೀವಗಳನ್ನು ಕೊಂದಿತ್ತು. ಅಂದಿನಿಂದ ಹಾಲು ಒಳಗೆ ಬರುವ ಮೊದಲು ಅದನ್ನೂ ಪರೀಕ್ಷೆ ಮಾಡುವ ರೂಢಿ ಬಂತು. ನೀವು ಈಗ ಒಂದು ಪಟ್ಟಿ ಅದ್ದಿ ಬಣ್ಣ ನೋಡುತ್ತೀರಲ್ಲ, ಅದರ ಹಿಂದೆ ಇಂಥ ಎಷ್ಟೋ ತೊಟ್ಟಿ ಹಾಲು ಮೋರಿಗೆ ಹೋಗಿದೆ.

ಉಸ್ತಾದರು ಕೆಲಸ ಬಿಟ್ಟ ಮೇಲೆ ಕೋಣೆ ನನ್ನದಾಯಿತು. ಅಷ್ಟರಲ್ಲಿ ಊರು ಬೇರೆಯಾಗತೊಡಗಿತ್ತು. ಪಶ್ಚಿಮಕ್ಕೆ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಎದ್ದವು. ನಮ್ಮ ಕಡೆಯ ಜನ ತಾಂಡೂರಿನ ಮೇಲಿಂದ ಬರುವ ರೈಲಿನಲ್ಲಿ ಬೇಗಂಪೇಟೆಗೆ ಇಳಿದು, ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಇಟ್ಟುಕೊಂಡು ಆ ಕಟ್ಟಡಗಳನ್ನು ಹತ್ತಿದರು. ಅವುಗಳ ಒಳಗೆ ಕೂರಬೇಕೆಂಬ ಹುಡುಗ ಹುಡುಗಿಯರು ಎಲ್ಲೆಲ್ಲಿಂದಲೋ ಬಂದು ಅಮೀರ್‌ಪೇಟ್‌ನಲ್ಲಿ ಇಳಿದರು. ಅಲ್ಲಿ ಗೋಡೆ ಕಾಣದಷ್ಟು ಕೋಚಿಂಗ್ ಬೋರ್ಡುಗಳು. ಒಂದೊಂದು ಕೋಣೆಯಲ್ಲಿ ನಾಲ್ಕು ಮಂಚ. ಬೆಳಿಗ್ಗೆ ಹೊತ್ತು ಆ ಓಣಿಯಲ್ಲಿ ನಡೆದರೆ ಎಲ್ಲರೂ ಯಾವುದೋ ಮಂತ್ರ ಬಾಯಿಪಾಠ ಮಾಡುತ್ತ ಹೋಗುತ್ತಿದ್ದರು. ಯಾರ ಕಣ್ಣೂ ಎದುರಿನದನ್ನು ನೋಡುತ್ತಿರಲಿಲ್ಲ. ಇಡೀ ಊರೇ ಹೆಪ್ಪು ಹಾಕಿಸಿಕೊಂಡು ಕಾಯುತ್ತಿದೆ ಎಂದು ನನಗೆ ತೋರುತ್ತಿತ್ತು.

ಆ ಕಾಲದಲ್ಲೇ ನಮ್ಮಲ್ಲಿಗೆ ವಸುಧಾ ಮೇಡಂ ಬಂದರು. ಧಾರವಾಡದವರು, ಡಾಕ್ಟರೇಟ್ ಮಾಡಿದವರು. ಒಂದು ಹೊಸ ಮಾಲು ತಯಾರಿಸಬೇಕೆಂದು ಕಂಪನಿ ಅವರನ್ನು ಕರೆಸಿತ್ತು. ಪುಟ್ಟ ಬಾಟಲಿ, ಒಳಗೆ ತೆಳ್ಳಗಿನ ಹುಳಿಸಿಹಿ ಹಾಲು. ಮೊಸರಿನ ಮಾಮೂಲಿ ಹೆಪ್ಪಿನ ಜೊತೆಗೆ ಇನ್ನೊಂದು ಬ್ಯಾಕ್ಟೀರಿಯಾ ಅದರಲ್ಲಿ ಇರಬೇಕು. ಹೊಟ್ಟೆಯ ಹುಳಿಯನ್ನು ದಾಟಿ ಕರುಳಿನವರೆಗೆ ಬದುಕಿ ಹೋಗುವಂಥದ್ದು. ಅಲ್ಲಿಯವರೆಗೆ ನಾನು ನಿನ್ನೆಯ ಹೆಪ್ಪಿನಿಂದ ಇಂದಿನ ಹೆಪ್ಪು ಮಾಡುತ್ತಿದ್ದೆ. ಮೇಡಂ ಬಂದ ಮೇಲೆ ಹೆಪ್ಪು ಪುಡಿಯಾಗಿ, ಸಣ್ಣ ಪೊಟ್ಟಣದಲ್ಲಿ, ಮಂಜುಗಡ್ಡೆಯ ನಡುವೆ ಕೂತು ಬಂತು. ಇಷ್ಟು ಒಣಗಿದ್ದು ಎದ್ದು ಕೂರುತ್ತದೆಯೇ ಎಂದು ನಕ್ಕಿದ್ದೆ. ಹಾಲು ತಾಕಿದೊಡನೆ ಎದ್ದಿತು.

ಮೇಡಂಗೆ ನನ್ನ ಕೋಣೆ ಇಷ್ಟವಾಯಿತು. ಚಪ್ಪಲಿ ಬಿಟ್ಟೇ ಒಳಗೆ ಬರುತ್ತಿದ್ದರು. ಕೆಲಸದ ನಡುವೆ ಮೆಲುದನಿಯಲ್ಲಿ ಮಾತು.

“ಹೊಟ್ಟಿ ಒಳಗ ಒಂದು ದೊಡ್ಡ ಊರೇ ಐತಿ ಶರಣಪ್ಪನವರ. ಎಣಿಸಲಾರದಷ್ಟು ಬ್ಯಾಕ್ಟೀರಿಯಾ ಸಂಸಾರ ಮಾಡ್ಕೊಂಡು ಅದಾವ. ನಾವು ಅರಗಿಸಲಾರದ್ದನ್ನ ಅವು ಅರಗಸ್ತಾವ.”

“ಮತ್ತ ಜಡ್ಡು ಬರದಂಗ ಕಾಯ್ತಾವ ಅಂತೀರಲ್ಲ, ಅದು ಹ್ಯಾಂಗ್ರಿ?”

“ಕರುಳಿನ ಗ್ವಾಡಿ ಐತಲ್ಲ, ಅದರ ಆಚೆ ನಮ್ಮ ಮೈಯಾಗಿನ ಕಾವಲುಗಾರರು ಭಾಳ ಮಂದಿ ಕುಂತಿರ್ತಾರ. ಊರಾವ ಯಾರು, ಕಳ್ಳ ಯಾರು ಅಂತ ಗುರ್ತು ಹಿಡಿಯಾಕ ಅವರು ಕಲಿಯೋದು ಅಲ್ಲೇ. ಊರು ಚಂದ ಇದ್ರ ಕಾವಲುಗಾರರೂ ಸುಮ್‌ಸುಮ್ಕ ಲಾಠಿ ಬೀಸಂಗಿಲ್ಲ. ಆ್ಯಂಟಿಬಯೋಟಿಕ್ ಗುಳಿಗಿ ಮ್ಯಾಲ ಗುಳಿಗಿ ನುಂಗಿದ್ರ ಊರ ಖಾಲಿ ಆಗ್ತೈತಿ. ನಿಮ್ಮ ಆ ತೊಟ್ಟಿ ಮೊಸರಾಗಲಿಲ್ಲ ಅಂದ್ರಲ್ಲ, ಹಂಗ.”

“ನಮ್ಮ ಬಾಟಲಿಯವು ಹೋಗಿ ಅಲ್ಲೇ ಮನಿ ಮಾಡ್ತಾವೇನ್ರಿ?”

“ಇಲ್ರಿ. ಅವು ಬೀಗರು. ಬಂದು ನಾಲ್ಕು ದಿನ ಇದ್ದು ಹೊಂಟು ಹೋಗ್ತಾವ. ಬೀಗರು ಬಂದಾಗ ಮನ್ಯಾಗಿನ ರೀತಿ ಒಂದೀಟು ಬದಲಾಗ್ತೈತಿ ನೋಡ್ರಿ, ಅಷ್ಟ. ಎಷ್ಟು ಚಲೋದಾಗ್ತೈತಿ, ಯಾರಿಗಾಗ್ತೈತಿ, ಅದನ್ನ ನೋಡೇ ಹೇಳ್ಬೇಕು. ಇದು ಔಷಧ ಅಂತ ನಾನಂತೂ ಹೇಳಂಗಿಲ್ಲ.”

ನೋಡಿಯೇ ಹೇಳಬೇಕು ಎಂಬುದಕ್ಕಾಗಿ ಒಂದು ಪರೀಕ್ಷೆ ಗೊತ್ತಾಯಿತು. ಅಮೀರ್‌ಪೇಟ್‌ನ ಒಂದು ಹಾಸ್ಟೆಲ್ಲಿನ ಹುಡುಗರನ್ನು ಆರಿಸಿದರು. ಬಂಡಿಯ ಮೇಲೆ ಸಿಕ್ಕಿದ್ದು ತಿಂದು, ಹೊಟ್ಟೆ ಕೆಟ್ಟರೆ ಮೆಡಿಕಲ್ ಶಾಪಿನವನು ಕೊಟ್ಟ ಗುಳಿಗೆ ನುಂಗುವ ಮಂದಿ ಅವರು. ಅರ್ಧ ಹುಡುಗರಿಗೆ ಜೀವ ಇರುವ ಬಾಟಲಿ, ಅದಕ್ಕೆ ದುಂಡು ಗುರುತು. ಇನ್ನರ್ಧಕ್ಕೆ ಅದೇ ಹಾಲು, ಅದೇ ರುಚಿ, ಆದರೆ ಕಾಯಿಸಿ ಒಳಗಿನ ಜೀವ ಕೊಂದದ್ದು, ಅದಕ್ಕೆ ಮುಮ್ಮೂಲೆ ಗುರುತು. ಯಾವುದು ಯಾವುದೆಂದು ಹುಡುಗರಿಗೆ ಹೇಳುವಂತಿಲ್ಲ. ಬಾಟಲಿ ತುಂಬುವುದೂ ಕೊಲ್ಲುವುದೂ ನನ್ನ ಕೆಲಸ.

ರಾವ್ ಸಾಹೇಬರ ಎದುರಿಗೇ ನಾನು ಬಾಯಿಬಿಟ್ಟೆ. “ಜೀವ ಬಂದದ್ದನ್ನ ಯಾಕ ಸಾಯಸ್ಬೇಕ್ರಿ ಮೇಡಂ? ಎಲ್ಲಾ ಹುಡುಗರಿಗೂ ಚಲೋದೇ ಕೊಡೋಣ್ರಿ.”

“ಹೋಲಿಸಿ ನೋಡಾಕ ಬೇಕ್ರಿ. ಇಲ್ಲಂದ್ರ ಹಾಲಿನ ಗುಣ ಯಾವುದು, ಮನಸಿನ ನಂಬಿಕಿ ಗುಣ ಯಾವುದು ಅಂತ ಹ್ಯಾಂಗ ತಿಳೀತೈತಿ?”

ತಿಳಿಯಿತು. ತಿಳಿದ ಮೇಲೆ ಮಾಡಿದೆ. ಈ ಕೈಗೆ ಒಮ್ಮೆ ಕೆಲಸ ಒಪ್ಪಿಸಿದರೆ ಅದು ಅರ್ಧ ಮಾಡುವುದಿಲ್ಲ. ಹಾಲು ಮಲಗಿ ಎದ್ದ ಮೇಲೆ ಅದರ ಅರ್ಧ ಭಾಗವನ್ನು ಬೇರೆ ಪಾತ್ರೆಗೆ ಇಳಿಸಿ ಕಾಯಿಸುವಾಗ ಹಬೆ ಕಿಟಕಿಯ ಗಾಜಿಗೆ ಕೂರುತ್ತಿತ್ತು. ಮೊದಲ ಸಲದ ಬಾಟಲಿಗಳನ್ನು ಮೇಡಂ ಪರೀಕ್ಷಿಸಿದರು, ಮುಮ್ಮೂಲೆಯದರಲ್ಲಿ ಒಂದೂ ಜೀವ ಇರಲಿಲ್ಲ. ಮುಂದಿನವನ್ನು ನನ್ನ ಮೇಲೆ ನಂಬಿಕೆಯಿಟ್ಟು ಹಾಗೇ ಕಳಿಸಿದರು.

ಪರೀಕ್ಷೆಯ ಅವಧಿ ಮುಗಿಯುತ್ತ ಬಂದಾಗ ಹುಡುಗರ ಮಲದ ಮಾದರಿ ತಂದು ಮೇಡಂ ಬಟ್ಟಲುಗಳಲ್ಲಿ ಬೆಳೆಸಿ ನೋಡಿದರು. ಆ ದಿನ ಅವರು ಕೋಣೆಗೆ ಬಂದು ಕಂಡದ್ದನ್ನು ಹೇಳಿದರು. ದುಂಡು ಗುರುತಿನ ಹುಡುಗರ ಹೊಟ್ಟೆಯಲ್ಲಿ ನಮ್ಮ ಬ್ಯಾಕ್ಟೀರಿಯಾ ಇತ್ತು, ಇರಬೇಕಾದದ್ದೇ. ಮುಮ್ಮೂಲೆಯ ಹುಡುಗರ ಹೊಟ್ಟೆಯಲ್ಲೂ ಇತ್ತು.

ರಾವ್ ಸಾಹೇಬರು ನನ್ನನ್ನು ಕರೆಸಿದರು. ಅವರು ಕೂಗಾಡುವ ಮನುಷ್ಯ. ಅಂದು ಕೂಗಲಿಲ್ಲ.

“ಶರಣಪ್ಪಾ, ನಿನಗೆ ಕರುಣೆ ಬಂತು ಅಲ್ಲವಾ?”

“ಇಲ್ಲ ಸಾರ್.”

“ನನ್ನ ಎದುರಿಗೇ ಹೇಳಿದೆಯಲ್ಲ, ಯಾಕೆ ಸಾಯಿಸಬೇಕು ಅಂತ. ಒಂದೆರಡು ಸಲ ಕಾಯಿಸದೆ ತುಂಬಿಬಿಟ್ಟೆ. ಒಪ್ಪಿಕೋ ಬಾಬೂ, ಬೈದು ಬಿಟ್ಟುಬಿಡುತ್ತೇನೆ.”

“ಮಾಡದ್ದನ್ನ ಹ್ಯಾಂಗ ಒಪ್ಪಲಿ ಸಾರ್? ಸಾಯಿಸು ಅಂದ್ರಿ, ಸಾಯಿಸೀನಿ.”

“ಹಾಗಾದರೆ ಸತ್ತದ್ದು ಅಮೀರ್‌ಪೇಟ್‌ಗೆ ಹೋಗಿ ಎದ್ದು ಕೂತಿತಾ?”

ಆಫೀಸಿನಲ್ಲಿದ್ದವರು ನಕ್ಕರು. ಕೋಣೆಯ ಬೀಗದ ಕೈ ಕೇಳಿದರು, ಕೊಟ್ಟೆ. ಇದು ಇತ್ಯರ್ಥವಾಗುವವರೆಗೆ ಲೋಡಿಂಗ್ ಕಟ್ಟೆಗೆ ಹೋಗು ಎಂದರು, ಹೋದೆ. ಕ್ರೇಟ್ ಹೊರುವುದು ನನಗೆ ಅವಮಾನವಲ್ಲ, ಹೊತ್ತು ಬೆಳೆದವನೇ. ಆದರೆ ಜೊತೆಯವರು ಲಾರಿಗೆ ಹಾಲು ಎತ್ತುವಾಗ “ಇದನ್ನಾದರೂ ಕಾಯಿಸಿದ್ದೀಯಾ ಉಸ್ತಾದ್?” ಎಂದು ಕೇಳುತ್ತಿದ್ದರು. ಶಾಲೆಯ ಕಾಗದ ಇಲ್ಲದವನಿಗೆ ಅವನ ಮಾತೇ ಕಾಗದ. ಅದು ಹರಿದರೆ ಇನ್ನೊಂದು ಪ್ರತಿ ಸಿಗುವುದಿಲ್ಲ. ಕಟ್ಟೆಯ ಮೇಲೆ ನಿಂತರೆ ನನ್ನ ಕೋಣೆಯ ಕಿಟಕಿ ಕಾಣುತ್ತಿತ್ತು. ಗಾಜಿಗೆ ಹಬೆ ಕೂರುವುದು, ಕರಗುವುದು. ಒಳಗೆ ಯಾರೋ ಬಾಗಿಲನ್ನು ಧಡ್ ಎಂದು ಮುಚ್ಚುವ ಸದ್ದು.

ಮೇಡಂ ನನ್ನನ್ನು ಅಪರಾಧಿ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಒಂದು ದಿನ ಕಟ್ಟೆಯ ಹತ್ತಿರ ಬಂದು, “ಹಾಸ್ಟೆಲ್ಲಿಗೆ ಹೊಂಟೀನಿ. ಬಾಟಲಿ ಅದಲು ಬದಲು ಆಗ್ಯಾವೇನೋ ಕೇಳ್ತೀನಿ. ನೀವೂ ಬರ್ರಿ” ಎಂದರು.

ಬಸ್ಸು ಬೇಗಂಪೇಟೆಯ ಹತ್ತಿರ ಬಂದಾಗ ಒಂದು ವಿಮಾನ ಛಾವಣಿಗಳನ್ನು ಸವರುವಂತೆ ಇಳಿಯಿತು. ಅದರ ನೆರಳು ನಮ್ಮ ಬಸ್ಸಿನ ಮೇಲಿಂದ ಹಾದು ಹೋಯಿತು. ಮೇಡಂ ಕಿಟಕಿಯ ಹೊರಗೆ ನೋಡುತ್ತ, “ಈ ಪರೀಕ್ಷಾ ಹಿಂಗ ನಿಂತ್ರ ನನ್ನ ಕೆಲಸಾನೂ ನಿಂತಂಗ ಶರಣಪ್ಪನವರ” ಎಂದರು. ಅಲ್ಲಿಯವರೆಗೆ ನಾನು ನನ್ನೊಬ್ಬನ ಮಾತನ್ನೇ ಯೋಚಿಸಿಕೊಂಡಿದ್ದೆ.

ಹಾಸ್ಟೆಲ್ಲಿನ ಹುಡುಗರನ್ನು ಕೇಳಿದರು. ಯಾರೂ ಬಾಟಲಿ ಬದಲಿಸಿಕೊಂಡಿರಲಿಲ್ಲ. ಒಬ್ಬ ಹುಡುಗ, “ಯಾಕೆ ಬದಲಿಸೋದು, ಎರಡೂ ಒಂದೇ ರುಚಿ ಅಂತ ನೀವೇ ಹೇಳಿದ್ದಿರಲ್ಲ ಮೇಡಂ” ಎಂದ. ಮಧ್ಯಾಹ್ನವಾಗಿತ್ತು. ಮೆಸ್ಸಿನಲ್ಲಿ ಅಡುಗೆ ಮಾಡುವಾಕೆ ಬಾಗಿಲಿಗೆ ಬಂದು ನೋಡಿದಳು. ನಮ್ಮ ಮಾತು ಕೇಳಿ ಮುಖ ಅರಳಿತು.

“ಯವ್ವಾ, ಕನ್ನಡ ಮಾತಾಡಾಕತ್ತೀರಿ! ಯಾವೂರ್ರಿ?”

ಗುರಮ್ಮ ಆಕೆಯ ಹೆಸರು, ಚಿಂಚೋಳಿ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಬಂದವನು, ತಾನು ಒಲೆಗೆ ಬಂದೆ ಎಂದಳು. ಉಂಡು ಹೋಗದಿದ್ದರೆ ಬಿಡುವುದಿಲ್ಲ ಎಂದು ಕೂರಿಸಿದಳು. ಕೊನೆಗೆ ಅನ್ನಕ್ಕೆ ಗಟ್ಟಿ ಮೊಸರು ಹಾಕಿದಳು.

ಮೇಡಂ ಸುಮ್ಮನೆ ಮಾತಿಗೆಂದು ಕೇಳಿದರು. “ಮೊಸರು ಭಾಳ ಚಲೋ ಐತಿ. ಪಾಕೀಟಿಂದೇನು?”

“ಪಾಕೀಟಿಂದು ಯಾರ್ ತಿಂತಾರ್ರಿ ಬಾಯಾರ. ಮೊದಲ ಅದನ್ನೇ ತರ್ತಿದ್ರು. ಈಗ ನಾನೇ ಹೆಪ್ಪು ಹಾಕ್ತೀನ್ರಿ. ನಿಮ್ಮ ಬಾಟಲಿದೇ ಹೆಪ್ಪು!”

ಮೇಡಂನ ಕೈ ತಟ್ಟೆಯಲ್ಲೇ ನಿಂತಿತು.

“ಹುಡುಗರು ಊರಿಗೆ ಹೋಗಿರ್ತಾವ, ಬಾಟಲಿ ಹಂಗೇ ಉಳೀತಾವ. ಕಸಕ್ಕ ಒಗಿ ಅಂದ್ರು. ಹಾಲು ಗಟಾರಕ್ಕ ಹಾಕ್ಬೇಕೇನ್ರಿ? ಬೆಚ್ಚನ ಹಾಲಿಗೆ ಹನಿಸಿದೆ, ಎಂಥಾ ಮೊಸರಾತ್ರಿ! ಬಾಜೂ ಹಾಸ್ಟೆಲ್‌ನಾಕಿ ಕೇಳಿದ್ಲು, ಆಕಿಗೂ ಕೊಟ್ಟೆ. ಅಲ್ಲಿಂದ ಆಚಿ ಮನಿಯಾಕಿ ಒಯ್ದಳು. ಹೆಪ್ಪು ಕೇಳಿದ್ರ ಇಲ್ಲ ಅನ್ನಾಕ ಬರ್ತೈತೇನ್ರಿ? ದೀಪ ಹಚ್ಚಿದ ಮ್ಯಾಲ ಮಾತ್ರ ಕೊಡಂಗಿಲ್ಲ.”

ಮನೆಯ ಹೊಸ್ತಿಲಿಗೆ ಬಂದು ಹೆಪ್ಪು ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದು. ನನ್ನವ್ವನೂ ಹಾಗೇ ಮಾಡುತ್ತಿದ್ದಳು. ಕಂಪನಿಯು ಬೀಗ ಹಾಕಿ ಕಾಯುತ್ತಿದ್ದ ಬ್ಯಾಕ್ಟೀರಿಯಾ ಅಮೀರ್‌ಪೇಟ್‌ನ ಓಣಿಯಲ್ಲಿ ಬಟ್ಟಲಿನಿಂದ ಬಟ್ಟಲಿಗೆ ದಾಟಿತ್ತು. ಎಷ್ಟು ಅಡುಗೆಮನೆಗಳ ಮೂಲೆಯಲ್ಲಿ, ತಟ್ಟೆ ಮುಚ್ಚಿಕೊಂಡು, ಸದ್ದಿಲ್ಲದೆ ಮಲಗಿತ್ತೋ. ಮಂತ್ರ ಬಾಯಿಪಾಠ ಮಾಡುತ್ತ ಹೋಗುವ ಆ ಮಕ್ಕಳೆಲ್ಲರ ಹೊಟ್ಟೆಯೊಳಗಿನ ಊರಿಗೆ ನನ್ನ ಕೋಣೆಯಿಂದ ಬೀಗರು ಹೋಗಿ ಬರುತ್ತಿದ್ದರು. ಸಿಟ್ಟು ಬರಬೇಕಿತ್ತು. ಒಂದು ಕ್ಷಣ ನನಗೆ ಸಂತೋಷವೇ ಆಯಿತು.

ಮೇಡಂ ತಲೆ ಮೇಲೆ ಕೈ ಹೊತ್ತು ನಗತೊಡಗಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. “ನಂದು ಮುಗೀತು ಬಿಡ್ರಿ. ಎರಡೂ ಗುಂಪು ಒಂದೇ ಮೊಸರು ಉಂಡಾವ.”

ಗುರಮ್ಮನಿಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು. ದನಿ ಇಳಿಯಿತು. “ನಾ ಏನ್ ಮಾಡ್ದೆ ಯಣ್ಣಾ?”

ನಾನು ನನ್ನ ಮೇಲಿನ ಆರೋಪ ಹೇಳಿದೆ. ಬಾಟಲಿ ಕಾಯಿಸಿಲ್ಲ ಅನ್ನುತ್ತಾರೆ, ಕೋಣೆ ಹೋಯಿತು, ಕಟ್ಟೆಯ ಮೇಲೆ ಕ್ರೇಟ್ ಹೊರುತ್ತಿದ್ದೇನೆ ಎಂದೆ.

“ಯಾವ ಬಾಟಲಿ? ಮೂರ್ಮೂಲಿ ಗುರ್ತಿಂದೇನು?” ಎಂದು ಗುರಮ್ಮ ಎದ್ದು ನಿಂತಳು. “ಅದು ಸತ್ತದ್ದೇ ಐತಲ್ಲ! ಅದನ್ನ ಹಾಕಿದ್ರ ಹಾಲು ಎಂದೂ ಹೆಪ್ಪಾಗಲಿಲ್ಲ. ಮೂರ್ಮೂಲಿದು ನಂಬಿ ಎರಡು ಸಲ ಹಾಲು ಕೆಡಿಸ್ಕೊಂಡೀನಿ. ಆಮ್ಯಾಲ ದುಂಡಂದೇ ಹಾಕ್ತೀನಿ. ಮೂರ್ಮೂಲಿವು ಕೆಲಸಕ್ಕ ಬರಂಗಿಲ್ಲಂತ ಫ್ರಿಜ್‌ನ್ಯಾಗ ಹಿಂದಕ್ಕ ನೂಕೀನಿ, ನೋಡ್ರಿ ಬೇಕಾದ್ರ.”

ಮೇಡಂ ಫ್ರಿಜ್ಜಿನ ಮುಂದೆ ಮಂಡಿಯೂರಿದರು. ಬೇರೆ ಬೇರೆ ವಾರದ ಮುಮ್ಮೂಲೆ ಬಾಟಲಿಗಳು, ಮುಚ್ಚಳ ಬಿಗಿಯಾಗಿ, ಕೊತ್ತಂಬರಿ ಕಟ್ಟಿನ ಹಿಂದೆ ಅವಿತಿದ್ದವು.

ಆಕೆಯ ಹೆಸರು ಹೇಳುವುದು ಬೇಡ ಎಂದು ನಾನು ದಾರಿಯಲ್ಲಿ ಮೇಡಂಗೆ ಹೇಳಿದೆ. ಹಾಸ್ಟೆಲ್ ಮಾಲೀಕನಿಗೆ ಗೊತ್ತಾದರೆ ಆಕೆಯ ಒಲೆ ಆರುತ್ತದೆ. ನನ್ನ ಕೋಣೆಗಾಗಿ ಇನ್ನೊಬ್ಬರ ಅಡುಗೆಮನೆ ಕಸಿಯಲಾರೆ. ಮೇಡಂ ಒಪ್ಪಿದರು. ಆದರೆ ಮರುದಿನ ಬೆಳಿಗ್ಗೆ ನಾವು ರಾವ್ ಸಾಹೇಬರ ಮುಂದೆ ನಿಂತು ಬಾಟಲಿಗಳನ್ನು ಇಡುತ್ತಿರುವಾಗ, ಗೇಟಿನವನ ಜೊತೆ ಜಗಳವಾಡುತ್ತ ಗುರಮ್ಮನೇ ಬಂದಳು. ಕಂಕುಳಲ್ಲಿ ಸ್ಟೀಲಿನ ಡಬ್ಬಿ.

“ಸಾಹೇಬ್ರ, ಈ ಯಣ್ಣ ಸುಳ್ಳು ಹೇಳಿಲ್ರಿ. ಬೈಯೋದಿದ್ರ ನನ್ನ ಬೈರಿ. ಮೊದ್ಲು ಈ ಮೊಸರು ತಿನ್ರಿ, ಆಮ್ಯಾಲ ಬೈರಿ.”

ರಾವ್ ಸಾಹೇಬರಿಗೆ ಅರ್ಧ ಅರ್ಥವಾಯಿತು, ಉಳಿದದ್ದನ್ನು ಮೇಡಂ ಹೇಳಿದರು. “ಇವರ ಮಾತಿನ ಮೇಲೆ ನಾನು ತೀರ್ಪು ಕೊಡಬೇಕಾ?” ಎಂದು ಅವರು ಕೇಳಿದರು.

“ಮಾತು ಬ್ಯಾಡ್ರಿ, ಹಾಲು ಹೇಳಲಿ” ಎಂದರು ಮೇಡಂ. “ಬಟ್ಟಲದಾಗ ಬೆಳೆಸಿ ನಾನೂ ನೋಡ್ತೀನಿ, ಅದಕ್ಕ ದಿನ ಬೇಕು. ಇದಕ್ಕ ಸಂಜೀತನಕ ಸಾಕು.”

ಕಾಯಿಸಿ ಆರಿಸಿದ ಹಾಲನ್ನು ಬೋಗುಣಿಗಳಿಗೆ ಹಾಕಿದರು. ಒಂದಕ್ಕೆ ದುಂಡು ಗುರುತಿನದು, ಉಳಿದವಕ್ಕೆ ಗುರಮ್ಮ ಇಟ್ಟಿದ್ದ ಮುಮ್ಮೂಲೆಗಳಲ್ಲಿ ವಾರಕ್ಕೊಂದು. ನನ್ನ ಕೋಣೆಯಲ್ಲೇ ಇಟ್ಟರು. ನಾನು ಮುಟ್ಟಲಿಲ್ಲ, ಮುಟ್ಟಬಾರದಿತ್ತು. ಬಾಗಿಲ ಬಳಿ ಕೂತೆ. ಗುರಮ್ಮ ಅಲ್ಲೇ ಗೋಡೆಗೆ ಒರಗಿ, ಸೆರಗು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದಳು. ಬೆಚ್ಚಗಿನ ಗಾಳಿ. ಹೊರಗೆ ಕಬ್ಬಿಣದ ಬಡಿತ ದೂರದ ಗಣಿಯಲ್ಲಿ ಅಪ್ಪನ ಉಳಿಯ ಸದ್ದಿನಂತೆ ಕೇಳಿಸಿತು. ಬಿಸಿಲಿನ ಒಂದು ಪಟ್ಟಿ ಟೈಲ್ಸಿನ ಮೇಲೆ ನಡೆದು ಗೋಡೆ ಹತ್ತಿತು. ನನಗೆ ಭಯವಿರಲಿಲ್ಲ ಎಂದರೆ ಸುಳ್ಳು. ಕಾಯಿಸಿದ್ದು ನನಗೆ ಗೊತ್ತು. ಆದರೆ ಕಣ್ಣಿಗೆ ಕಾಣದ ಜೀವಗಳ ಕೈಯಲ್ಲಿ ನನ್ನ ಮಾತು ಇತ್ತು, ಅವು ಕಲ್ಲನ್ನೇ ತಿಂದಂಥವು.

ಸಂಜೆ ರಾವ್ ಸಾಹೇಬರು ಬಂದರು. ಬಾಗಿಲಲ್ಲಿ ತಡೆದು, ನಿದ್ದೆಯಲ್ಲಿದ್ದ ಗುರಮ್ಮನನ್ನು ನೋಡಿ, ಬೂಟು ಬಿಚ್ಚಿದರು. ಅಷ್ಟು ವರ್ಷಗಳಲ್ಲಿ ಅವರ ಕಾಲ್ಚೀಲ ನಾನು ಕಂಡದ್ದು ಅಂದೇ. ಮೊದಲ ಬೋಗುಣಿ ಓರೆ ಮಾಡಿದರು. ಅಲುಗಲಿಲ್ಲ, ಕನ್ನಡಿಯಂತೆ ಕೂತಿತ್ತು. ಎರಡನೆಯದನ್ನು ಓರೆ ಮಾಡಿದರು, ಹಾಲು ಅಂಚಿಗೆ ಜಾರಿ ಅವರ ಬೆರಳು ತೋಯಿಸಿತು. ಮುಂದಿನದೂ ಹಾಲು. ಅದರ ಮುಂದಿನದೂ ಹಾಲು.

ಅವರು ಬೆರಳು ಒರೆಸಿಕೊಂಡು ಕಿಸೆಯಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. ಕ್ಷಮೆ ಕೇಳಲಿಲ್ಲ. ಮೆಲ್ಲಗೆ, ಉಸಿರಿನಲ್ಲೇ ಅಂದರು: “ಆಕೆಯನ್ನು ಎಬ್ಬಿಸು. ನಮ್ಮ ವ್ಯಾನಿನಲ್ಲಿ ಬಿಟ್ಟು ಬರಲಿ. ಹಾಸ್ಟೆಲ್ಲಿಗೆ ಏನೂ ಹೇಳುವುದು ಬೇಡ, ನಕ್ಕೋ.”

ಎದ್ದ ಗುರಮ್ಮ ಕೇಳಿದ್ದು ಒಂದೇ. “ಸಾಹೇಬ್ರು ಮೊಸರು ತಿಂದ್ರೇನು?” ತಿಂದಿದ್ದರು. ಡಬ್ಬಿ ತೊಳೆದು ಕೊಟ್ಟೆ. ಡಬ್ಬಿ ಬರಿದಾಗಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದೆ. ಕೆಳಗೆ ಉಳಿದಿದ್ದ ಒಂದು ಚಮಚ ಮೊಸರನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೆ, ಆಕೆಯನ್ನು ಕೇಳಿಯೇ. “ಒಯ್ಯಿ ಯಣ್ಣಾ, ದೀಪ ಹಚ್ಚೋದ್ರಾಗ ಒಯ್ಯಿ” ಎಂದಿದ್ದಳು. ಮನೆಗೆ ಹೋಗಿ ಹೆಂಡತಿಯ ಕೈಗೆ ಕೊಟ್ಟೆ.

ಆ ಪರೀಕ್ಷೆ ಅಲ್ಲಿಗೇ ನಿಂತಿತು. ಅದರಿಂದ ಏನೂ ಸಾಬೀತಾಗಲಿಲ್ಲ, ಹಾಗಾಗಿ ನಾನು ನಿಮಗೆ ಏನೂ ಸಾಬೀತು ಮಾಡುವುದಿಲ್ಲ. ಹೊಟ್ಟೆಗೆ ಒಳ್ಳೆಯದು ಎಂದು ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲು ಮಾರಾಟದವರು ಹೊರಟಾಗ ಮೇಡಂ ಒಪ್ಪಲಿಲ್ಲ. ನೋಡದ್ದನ್ನು ಹೇಳುವುದಿಲ್ಲ ಎಂದರು. ಕೆಲವು ವರ್ಷ ಆ ಬಾಟಲಿ ಗಾಜಿನ ಕಟ್ಟಡಗಳ ಕ್ಯಾಂಟೀನಿಗೆ ಹೋಯಿತು. ಮೇಡಂ ಪುಣೆಗೆ ಬೇರೆ ಕೆಲಸಕ್ಕೆ ಹೋದರು. ಹೋಗುವ ಮುನ್ನ ಕೋಣೆಗೆ ಬಂದು, ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ನಿಂತರು. ಇಬ್ಬರೂ ಮಾತಾಡಲಿಲ್ಲ, ಹಾಲು ಮಲಗಿತ್ತು.

ಆಮೇಲೆ ಕಂಪನಿ ಆ ಮಾಲು ನಿಲ್ಲಿಸಿತು. ಉಳಿದ ಹೆಪ್ಪನ್ನೆಲ್ಲ ಕಾಯಿಸಿ ಚೆಲ್ಲಲು ಹೇಳಿದರು. ಈ ಸಲವೂ ಯಾರೂ ಪಕ್ಕದಲ್ಲಿ ನಿಂತು ನೋಡಲಿಲ್ಲ. ಕುದಿ ಬರುವವರೆಗೆ ಕಾಯಿಸಿದೆ. ಹಬೆ ಕಿಟಕಿಗೆ ಕೂತಿತು, ಕರಗಿತು. ಹೊಸಬರಿಗೆ ಇದೇ ನನ್ನ ಮಾತು: ಮನಸ್ಸಿಗೆ ಬಾರದ ಕೆಲಸವಿದ್ದರೆ ಬಾಯಿಬಿಟ್ಟು ಕೇಳಿ, ಕೇಳಿ ಒಪ್ಪಿದ ಮೇಲೆ ಪೂರ್ತಿ ಮಾಡಿ.

ಗುರಮ್ಮ ಈಗ ಅಮೀರ್‌ಪೇಟ್‌ನಲ್ಲಿ ಸ್ವಂತ ಮೆಸ್ ನಡೆಸುತ್ತಾಳೆ. ಮೆಟ್ರೋ ಕಂಬದ ನೆರಳು ಆಕೆಯ ಬಾಗಿಲಿಗೆ ಬೀಳುತ್ತದೆ. ನನ್ನ ಹೆಂಡತಿ ಆ ಚಮಚದಿಂದ ಹಾಕಿದ ಹೆಪ್ಪನ್ನು ಇಂದಿನವರೆಗೆ ತಪ್ಪಿಸಿಲ್ಲ. ನಾವು ಊರಿಗೆ ಹೋದಾಗ ಅದು ಪಕ್ಕದ ಮನೆಯಲ್ಲಿ ಇದ್ದು, ಮರಳಿ ಬಂದಿದೆ. ಇಷ್ಟು ಕೈ ದಾಟಿದ ಮೇಲೆ ಅದರಲ್ಲಿ ಮೇಡಂನ ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ಒಮ್ಮೆ ಫೋನಿನಲ್ಲಿ ಕೇಳಿದೆ. “ಉಳಿದಿರಲಿಕ್ಕಿಲ್ರಿ, ಬ್ಯಾರೆಯವು ಅದನ್ನ ಎಂದೋ ಹೊರಗ ಹಾಕಿರ್ತಾವ. ಪರೀಕ್ಷಾ ಮಾಡದ ಹ್ಯಾಂಗ ಹೇಳ್ಲಿ” ಎಂದರು. ಆಮೇಲೆ, “ಹೆಪ್ಪಾಗ್ತೈತಲ್ಲ?” ಎಂದು ಕೇಳಿದರು. ಆಗುತ್ತದೆ ಎಂದೆ.

ಈಗ ನನ್ನ ಬಳಿ ಇರುವುದಿಷ್ಟು. ನಾಚಾರಂನಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಒಬ್ಬಳು, ಮದುವೆಯಾದ ಮಗಳು ಒಬ್ಬಳು. ನೋಯುವ ಮೊಣಕಾಲು ಎರಡು. ಕುಳಿ ಬಿದ್ದ ಫರಸಿ ಚಪ್ಪಡಿ ಒಂದು. ಅದರ ಮೇಲೆ ಮೊಸರಿನ ಗಡಿಗೆ ಒಂದು. ದೀಪ ಹಚ್ಚುವ ಮೊದಲು ಬಟ್ಟಲು ಹಿಡಿದು ಬಾಗಿಲಿಗೆ ಬರುವ ಮನೆಗಳು ನಾಲ್ಕು.